ಬಾದಾಮಿ ಎಲೆಯ ಅಚ್ಚು

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನಾನೂ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವ ಕೆಲಸ ಗುರುಗಳದು. ಅದಕ್ಕೆ ನಾನು ಕೈ ಹಾಕಲಾರೆ. ಮನೆಯ ಮೂಲೆಯಲ್ಲಿ ಕುಳಿತು ಖರ್ಚಿಲ್ಲದೆ ಆಡಬಹುದಾದ ಒಂದು ಆಟವನ್ನೂ, ಆ ಆಟದಿಂದ ಒಮ್ಮೆ ನಮ್ಮ ಮನೆಗೆ ಒದಗಿದ ಫಜೀತಿಯನ್ನೂ ಇಲ್ಲಿ ಬರೆಯುತ್ತೇನೆ. ಆಟವೆಂದರೆ ಮತ್ತೇನೂ ಅಲ್ಲ, ಎಲೆಗಳಿಂದ ಕಾಗದದ ಮೇಲೆ ಅಚ್ಚು ತೆಗೆಯುವುದು.

ಅದು 1963ನೆಯ ಇಸವಿಯ ಜುಲೈ ತಿಂಗಳು. ನಾನಾಗ ಐದನೆಯ ಇಯತ್ತೆಯಲ್ಲಿದ್ದೆ. ಪರೇಲಿನ ಒಂದು ಹಳೆಯ ಚಾಳಿನ ಮೂರನೆಯ ಮಹಡಿಯಲ್ಲಿ ನಮ್ಮ ವಾಸ. ಹತ್ತು ಹನ್ನೆರಡು ಅಡಿಯ ಒಂದೇ ಖೋಲಿ. ಅದರೊಳಗೇ ಅಡುಗೆ, ಮಲಗುವುದು, ಓದು, ದೇವರು ಎಲ್ಲವೂ. ತಂದೆಯವರು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ಆ ವರ್ಷ ಮಳೆ ಹಿಡಿದು ಚಾಳಿನ ಮೆಟ್ಟಿಲುಗಳ ಮೇಲೆಲ್ಲ ಪಾಚಿ ಕಟ್ಟಿತ್ತು. ಒಂದು ಬೆಳಿಗ್ಗೆ ಶಾಲೆಗೆ ಓಡುವ ಅವಸರದಲ್ಲಿ ಜಾರಿ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡೆ. ಆಸ್ಪತ್ರೆಯವರು ಪ್ಲಾಸ್ಟರು ಹಾಕಿ, ಆರು ವಾರ ನೆಲಕ್ಕೆ ಕಾಲೂರಕೂಡದೆಂದು ಹೇಳಿ ಕಳುಹಿದರು. ಹನ್ನೊಂದು ವರ್ಷದ ಹುಡುಗನಿಗೆ ಆರು ವಾರವೆಂದರೆ ಎಷ್ಟು ದೀರ್ಘವೆಂಬುದನ್ನು ನಿಮ್ಮಲ್ಲಿ ಯಾರಾದರೂ ಕಾಲು ಮುರಿದುಕೊಂಡವರಿದ್ದರೆ ಅವರೇ ಬಲ್ಲರು.

ಗ್ಯಾಲರಿಯಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸುತ್ತಿದ್ದರು. ಅಲ್ಲಿಂದ ಕಾಣುತ್ತಿದ್ದುದು ಅಂಗಳದ ನಲ್ಲಿ, ನಲ್ಲಿಯ ಮುಂದಿನ ಬಿಂದಿಗೆಗಳ ಸಾಲು, ಮತ್ತು ಒಂದೇ ಒಂದು ಮರ. ಅದು ಕಾಡುಬಾದಾಮಿಯ ಮರ. ಕೊಂಬೆಗಳು ಅಂತಸ್ತು ಅಂತಸ್ತಾಗಿ ನಮ್ಮ ಚಾಳಿನ ಮಹಡಿಗಳ ಹಾಗೆಯೇ ಹರಡಿಕೊಂಡು ನಮ್ಮ ಗ್ಯಾಲರಿಯ ಕಟಕಟೆಯವರೆಗೂ ಬಂದಿದ್ದವು. ಕೈ ಚಾಚಿದರೆ ಎಲೆ ಸಿಗುತ್ತಿತ್ತು.

ಆ ದಿನಗಳಲ್ಲಿಯೇ ನನ್ನ ತಂಗಿ ಹುಟ್ಟಿದಳು. ಬಾಣಂತಿಯ ಆರೈಕೆಗೆಂದು ಉಡುಪಿಯ ಕಡೆಯ ಹಳ್ಳಿಯಿಂದ ಅಜ್ಜಿ ಬಂದಿದ್ದರು. ಮಗುವಿನ ಕಣ್ಣಿಗೆ ಅಂಗಡಿಯ ಕಾಡಿಗೆ ಹಚ್ಚಲು ಅವರು ಒಪ್ಪುವವರಲ್ಲ. ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆಯ ತಟ್ಟೆಯೊಂದನ್ನು ಕವುಚಿಟ್ಟು, ಅದಕ್ಕೆ ಹಿಡಿಯುವ ಮಸಿಯನ್ನು ಕೂಡಿಸಿ ತಾವೇ ಕಾಡಿಗೆ ಮಾಡುತ್ತಿದ್ದರು. ಹೀಗಿರಲೊಂದು ಮಧ್ಯಾಹ್ನ ಗಾಳಿಗೆ ಹಾರಿ ಬಂದ ಬಾದಾಮಿ ಎಲೆಯೊಂದು ಆ ಮಸಿಯ ತಟ್ಟೆಯ ಮೇಲೆಯೇ ಬಿದ್ದಿತು. ನಾನು ಅದನ್ನೆತ್ತಿ ಪಕ್ಕದಲ್ಲಿದ್ದ ಒಂದು ಹಾಳೆಯ ಮೇಲಿಟ್ಟು, ಅಜ್ಜಿ ನೋಡುವ ಮೊದಲೇ ಮುಚ್ಚಿಬಿಡಬೇಕೆಂದು ಮೇಲೊಂದು ಪುಸ್ತಕ ಇಟ್ಟೆ.

“ಅಯ್ಯೋ ಮಗಾ, ಮಸಿ ಮುಟ್ಟಿದೆಯಾ! ಹಾಸಿಗೆಗೆಲ್ಲ ಬಳಿಯಬೇಡವೋ” ಎಂದು ಅಜ್ಜಿ ಕೂಗುತ್ತ ಬಂದು ಪುಸ್ತಕವನ್ನೆತ್ತಿದರು. ಎಲೆಯನ್ನೂ ಎತ್ತಿದರು. ಇಬ್ಬರೂ ಸುಮ್ಮನಾದೆವು. ಹಾಳೆಯ ಮೇಲೆ ಮತ್ತೊಂದು ಎಲೆ ಮಲಗಿತ್ತು. ನಡುವಿನ ದಿಂಡು, ಅದರಿಂದ ಎರಡೂ ಕಡೆಗೆ ಬಾಗಿ ಹೊರಟ ನರಗಳು, ನರದಿಂದ ನರಕ್ಕೆ ಹೆಣೆದ ಬಲೆ, ಹುಳು ತಿಂದ ಒಂದು ತೂತು ಸಹ ಬಿಡದೆ ಎಲ್ಲವೂ ಮೂಡಿದ್ದವು. ಎಷ್ಟೋ ಸಲ ಕೈಯಲ್ಲಿ ಹಿಡಿದು ಹರಿದು ಎಸೆದಿದ್ದ ಎಲೆಯನ್ನು ನಾನು ಅಂದು ಮೊದಲ ಬಾರಿಗೆ ನೋಡಿದೆನೆಂದರೆ ಅತಿಶಯೋಕ್ತಿಯಲ್ಲ. ಅಜ್ಜಿ ಬಯ್ಯುವುದನ್ನು ಮರೆತು, “ಇನ್ನೊಂದು ಮಾಡು, ನೋಡುವಾ” ಎಂದರು.

ಅಲ್ಲಿಂದ ನನ್ನ ಕಾಲಿನ ನೋವು ನನಗೆ ನೆನಪಾದುದು ಕಡಿಮೆ.

ಒಣ ಮಸಿ ಕೈ ತಗುಲಿದರೆ ಅಳಿಸಿಹೋಗುತ್ತದೆಂಬುದು ಎರಡನೆಯ ದಿನವೇ ತಿಳಿಯಿತು. ಅದಕ್ಕೆ ಒಂದು ಹನಿ ತೆಂಗಿನೆಣ್ಣೆ ಸೇರಿಸಿ ಅರೆದರೆ ಅಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಎಣ್ಣೆ ಒಂದೇ ಹನಿ. ನಾನು ಮೊದಮೊದಲು ಧಾರಾಳವಾಗಿ ಸುರಿಯುತ್ತಿದ್ದೆ, ಅದರ ಫಲ ಮುಂದೆ ಹೇಳುತ್ತೇನೆ. ಹಳೆಯ ಬಟ್ಟೆಯ ಚೂರನ್ನು ಉಂಡೆ ಕಟ್ಟಿ, ಮಸಿಯಲ್ಲಿ ಅದ್ದಿ, ಎಲೆಯ ಬೆನ್ನಿಗೆ ಮೆಲ್ಲಗೆ ತಟ್ಟಬೇಕು. ಎಲೆಯ ಮುಖ ನುಣುಪು. ನರಗಳು ಎದ್ದು ನಿಂತಿರುವುದು ಬೆನ್ನಿನಲ್ಲಿ. ಆದುದರಿಂದ ಮಸಿ ಬೆನ್ನಿಗೇ ತಾಗಬೇಕು. ಬಳಿದ ಮಗ್ಗುಲನ್ನು ಕೆಳಗೆ ಮಾಡಿ ಕಾಗದದ ಮೇಲಿಟ್ಟು, ಮೇಲೊಂದು ತೆಳು ಕಾಗದ ಮುಚ್ಚಿ, ಎಲೆ ಕದಲದಂತೆ ಒಂದು ಕೈಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ನಡುದಿಂಡಿನಿಂದ ಅಂಚಿನ ಕಡೆಗೆ ತೀಡುತ್ತ ಹೋಗಬೇಕು. ಮೊದಲ ಅಚ್ಚು ಸಾಮಾನ್ಯವಾಗಿ ಕಪ್ಪಗೆ ಗಿಡಿದು ಮಂಕಾಗಿ ಬರುತ್ತದೆ. ಮತ್ತೆ ಮಸಿ ಹಚ್ಚದೆ ಅದೇ ಎಲೆಯಿಂದ ಎರಡನೆಯದನ್ನು ತೆಗೆಯಿರಿ. ಸೂಕ್ಷ್ಮವಾದ ನರಗಳೆಲ್ಲ ಮೂಡುವುದು ಆಗ. ಹಸಿ ಎಲೆ ಬಹಳ ನೀರಿನಿಂದ ಕೂಡಿದ್ದರೆ ಹಿಂದಿನ ರಾತ್ರಿಯೇ ಪುಸ್ತಕದ ನಡುವೆ ಇಟ್ಟು ಚಪ್ಪಟೆ ಮಾಡಿಕೊಳ್ಳುವುದು ಒಳ್ಳೆಯದು. ಪೂರ್ತಿ ಒಣಗಿದ ಎಲೆ ಪುಡಿಯಾಗುತ್ತದೆ, ಉಪಯೋಗವಿಲ್ಲ. ದೀಪದ ಮಸಿಯೇ ಆಗಬೇಕೆಂದಿಲ್ಲ. ನಿಮ್ಮ ಚಿತ್ರಕಲೆಯ ಪೆಟ್ಟಿಗೆಯಲ್ಲಿರುವ ಜಲವರ್ಣವನ್ನು ನೀರು ಬೆರೆಸದೆ ಗಟ್ಟಿಯಾಗಿ ಬಳಸಿದರೂ ಸಾಕು. ನನಗಾದರೋ ಮಸಿಯ ಕಪ್ಪಿಗೆ ಸಮನಾದುದು ಇನ್ನೊಂದಿಲ್ಲ.

ಎಲೆಗಳನ್ನು ತಂದುಕೊಡುತ್ತಿದ್ದವನು ಕೆಳಗಿನ ಮಹಡಿಯ ನನ್ನ ಸಹಪಾಠಿ. ಶಾಲೆಯಿಂದ ಬರುವಾಗ ಅವನ ಚೀಲದಲ್ಲಿ ಪಾಠದ ಟಿಪ್ಪಣಿಗಿಂತ ಎಲೆಗಳೇ ಹೆಚ್ಚಾಗಿರುತ್ತಿದ್ದವು. ಮುಂಬಯಿಯಲ್ಲಿ ಗಿಡಮರಗಳೆಲ್ಲಿವೆ ಎಂದು ಊರಿನಿಂದ ಬಂದವರು ಮೂಗು ಮುರಿಯುತ್ತಾರೆ. ಆರು ವಾರಗಳಲ್ಲಿ ನನ್ನ ಬಳಿ 31 ಬಗೆಯ ಎಲೆಗಳ ಅಚ್ಚು ಕೂಡಿದ್ದವು, ಅವೆಲ್ಲ ಪರೇಲಿನಿಂದ ಮಾಟುಂಗದವರೆಗಿನ ಬೀದಿಗಳವೇ. ಬಾಲದಂಥ ಉದ್ದನೆಯ ತುದಿಯುಳ್ಳ ಅರಳಿಯ ಎಲೆಯ ಅಚ್ಚು ಎಲ್ಲಕ್ಕಿಂತ ಸೊಗಸು. ಮಾವಿನೆಲೆ ದಪ್ಪ, ಅದರಿಂದ ನಡುದಿಂಡಿನ ಹೊರತು ಹೆಚ್ಚೇನೂ ಮೂಡದು. ಮಳೆಮರದ ಎಲೆಯನ್ನು ಸಂಜೆ ಕಿತ್ತು ತಂದರೆ ಅದು ಮಡಚಿಕೊಂಡೇ ಇರುತ್ತದೆ, ಬೆಳಗಿನಲ್ಲಿ ತರಬೇಕು. ದಸರೆಗೆ ಇಲ್ಲಿನ ಮರಾಠಿ ಮಿತ್ರರು ಚಿನ್ನವೆಂದು ಹಂಚುವ ಆಪ್ಟಾ ಎಲೆ ಎರಡು ಹೋಳಾಗಿ ದನದ ಗೊರಸಿನಂತೆ ಅಂದವಾಗಿ ಮೂಡುತ್ತದೆ. ನಮ್ಮ ಉತ್ತರ ಕರ್ನಾಟಕದವರು ಅದೇ ಹಬ್ಬಕ್ಕೆ ಹಂಚುವ ಬನ್ನಿಯ ಎಲೆಗಳೋ ಅಚ್ಚಿಗೆ ಸಿಕ್ಕದಷ್ಟು ಸಣ್ಣವು. ಇವೆಲ್ಲವನ್ನೂ ಮೀರಿಸಿದ್ದು ಮಳೆಗಾಲದಲ್ಲಿ ಹಳೆಯ ಚಾಳುಗಳ ತೇವ ಹಿಡಿದ ಗೋಡೆಯಲ್ಲಿ, ನೀರಿನ ಕೊಳವೆಯ ಸಂದಿಯಲ್ಲಿ ಯಾರೂ ನೆಡದೆ ಹುಟ್ಟುವ ಜರೀಗಿಡ. ಅದರ ಬೆನ್ನಿನ ಮೇಲಿನ ಬೀಜಕಣಗಳ ಚುಕ್ಕೆಗಳೂ ಕಾಗದದ ಮೇಲೆ ಸಾಲಾಗಿ ನಿಲ್ಲುತ್ತವೆ. ಎಕ್ಕ, ಕಣಗಿಲೆಗಳ ಗೊಡವೆಗೆ ಮಾತ್ರ ಹೋಗಬೇಡಿ. ಎಕ್ಕದ ಹಾಲು ಕಣ್ಣಿಗೆ ಕೇಡು, ಕಣಗಿಲೆ ವಿಷ. ಬೈಖಳಾದ ರಾಣೀಬಾಗಿನಲ್ಲಿ, ಅಂದರೆ ಈಗಿನ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನದಲ್ಲಿ, ಎಲೆಗಳ ಭಂಡಾರವೇ ಇದೆ. ಆದರೆ ಅಲ್ಲಿ ಗಿಡದಿಂದ ಕೀಳಬಾರದು, ನೆಲದ ಮೇಲೆ ಉದುರಿದುದನ್ನು ಆಯ್ದುಕೊಳ್ಳಬೇಕು.

ಇನ್ನು ಫಜೀತಿಯ ವಿಷಯ.

ಕಾಗದವೆಂಬುದು ನಮ್ಮ ಮನೆಯಲ್ಲಿ ಸಲೀಸಾಗಿ ಸಿಗುವ ವಸ್ತುವಾಗಿರಲಿಲ್ಲ. ತಂದೆಯವರು ಹೋಟೆಲಿನಲ್ಲಿ ರದ್ದಿಗೆ ಹೋಗಬೇಕಾದ ಹಳೆಯ ಲೆಕ್ಕದ ಹಾಳೆಗಳನ್ನು ಯಜಮಾನರನ್ನು ಕೇಳಿ ತರುತ್ತಿದ್ದರು. ಒಂದು ಮಗ್ಗುಲಲ್ಲಿ ಬರಹ, ಇನ್ನೊಂದು ಮಗ್ಗುಲು ಖಾಲಿ. ಖಾಲಿ ಮಗ್ಗುಲು ನನ್ನದು. ಜುಲೈ ತಿಂಗಳ ಕೊನೆಯ ದಿನ ಕಪಾಟಿನ ಮೇಲೆ ಅಂಥದೇ ಒಂದು ಕಟ್ಟು ಕಂಡಿತು. ಅಮ್ಮ ನಿದ್ರಿಸುತ್ತಿದ್ದರು, ಅಜ್ಜಿ ನೀರಿಗೆ ಹೋಗಿದ್ದರು. ಕುಂಟುತ್ತ ಹೋಗಿ ಕಟ್ಟನ್ನು ಇಳಿಸಿಕೊಂಡು ಸಂಜೆಯವರೆಗೆ 22 ಹಾಳೆಗಳ ಬೆನ್ನಿಗೆ ಬಾದಾಮಿ ಎಲೆಯ ಅಚ್ಚು ಹಾಕಿದೆ. ಹಾಕಿದ ಹಾಳೆಗಳನ್ನು ಆರಲು ಬಿಡದೆ ಒಂದರ ಮೇಲೊಂದು ಪೇರಿಸಿದೆ.

ಅದು ರದ್ದಿಯಾಗಿರಲಿಲ್ಲ. ಆ ತಿಂಗಳ ಊಟದವರ ಲೆಕ್ಕವಾಗಿತ್ತು. ಯಾರು ಎಷ್ಟು ಊಟ ಉಂಡರು, ಎಷ್ಟು ಕೊಟ್ಟರು, ಎಷ್ಟು ಬಾಕಿ ಎಂಬುದನ್ನು ರಾತ್ರಿ ಕುಳಿತು ಕೂಡಿಸಿ, ಮರುದಿನ ಬೆಳಿಗ್ಗೆ ಯಜಮಾನರಿಗೆ ಒಪ್ಪಿಸಬೇಕೆಂದು ತಂದೆಯವರು ಮನೆಗೆ ತಂದಿದ್ದರು.

ರಾತ್ರಿ ಹತ್ತೂವರೆಗೆ ಅವರು ಬಂದು ಕಟ್ಟನ್ನು ಬಿಚ್ಚಿದರು. ನಾನು ಧಾರಾಳವಾಗಿ ಸುರಿದ ಎಣ್ಣೆ ಕಾಗದವನ್ನೆಲ್ಲ ಹೀರಿ ಮುಂದಿನ ಮಗ್ಗುಲಿಗೆ ಹರಿದಿತ್ತು. ಒಂದು ಹಾಳೆಯ ಬೆನ್ನಿನ ಹಸಿ ಮಸಿ ಕೆಳಗಿನ ಹಾಳೆಯ ಮುಖಕ್ಕೆ ಅಂಟಿ, ಅಂಕಿಗಳ ಮೇಲೆಲ್ಲ ಎಲೆಯ ನರಗಳು ಹರಡಿದ್ದವು. ತಂದೆಯವರು ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಅವರು ಹೊಡೆಯುವರೆಂದು ನಾನು ಕಾದಿದ್ದೆ. ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಅವರು ಅಂಗಿಯನ್ನೂ ಕಳಚದೆ ಚಾಪೆಯ ಮೇಲೆ ಕುಳಿತು, ಹೊಸ ಹಾಳೆಗಳನ್ನು ತೆಗೆದುಕೊಂಡು, ಶಾಯಿಯ ಪೆನ್ನಿನ ಮುಚ್ಚಳ ಬಿಚ್ಚಿ, “ನಿನ್ನ ಕಣ್ಣು ಚುರುಕು. ದೀಪಕ್ಕೆ ಹಿಡಿದು ಓದು. ನಿಧಾನವಾಗಿ ಓದು, ನಾನು ಬರೆಯುತ್ತೇನೆ” ಎಂದರು.

ನಾನು ಓದಿದೆ. ಹೆಸರು, ದಿನಾಂಕ, ಊಟ, ರೂಪಾಯಿ, ನಯೇ ಪೈಸೆ. ಗಂಟಲು ಕಟ್ಟಿ ಅಂಕಿಗಳು ಹೊರಡುತ್ತಿರಲಿಲ್ಲ. ತೊಟ್ಟಿಲ ಮಗು ಎರಡು ಸಲ ಎದ್ದು ಅತ್ತಿತು. ಬೀದಿಯ ಹಾಲಿನ ಗಾಡಿಯ ಸದ್ದು ಕೇಳುವ ಹೊತ್ತಿಗೆ 21 ಹಾಳೆಗಳು ಮುಗಿದವು. ಇಪ್ಪತ್ತೆರಡನೆಯದರಲ್ಲಿ ಎಲೆಯ ದಿಂಡು ನೇರವಾಗಿ ಬಾಕಿಯ ಸಾಲಿನ ಮೇಲೆಯೇ ಬಿದ್ದಿತ್ತು. ಎಷ್ಟು ತಿರುಗಿಸಿದರೂ ಅಂಕಿ ಕಾಣಲಿಲ್ಲ. ಆ ಲೆಕ್ಕದವರು ಊರಿಗೆ ಹೊರಟುಹೋಗಿದ್ದರು, ಕೇಳುವಂತಿರಲಿಲ್ಲ. ತಂದೆಯವರು ನಡೆದುದನ್ನು ನಡೆದಂತೆಯೇ ಯಜಮಾನರಿಗೆ ತಿಳಿಸಿ, ಅಂದಾಜಿನ ಮೊತ್ತವೆಂದು 17 ರೂಪಾಯಿ 50 ನಯೇ ಪೈಸೆಯನ್ನು ತಮ್ಮ ಸಂಬಳದಿಂದ ತುಂಬಿದರು. ಇದು ನನಗೆ ಗೊತ್ತಾದುದು ದೀಪಾವಳಿ ಸಮೀಪಿಸಿದಾಗ. ಆ ವರ್ಷ ನನಗೂ ತಂಗಿಗೂ ಹೊಸ ಬಟ್ಟೆ ಬಂತು. ಅವರಿಗೆ ಬರಲಿಲ್ಲ.

ನಾನು ಮಸಿಯ ಬಟ್ಟಲನ್ನು ಮುಟ್ಟದೆ ಎರಡು ತಿಂಗಳಾಗಿತ್ತು. ಕಾಲು ಕೂಡಿತ್ತು. ಒಂದು ರಾತ್ರಿ ತಂದೆಯವರು ಕೈಯಲ್ಲಿ ಬಿದಿರಿನ ಸೀಳುಗಳನ್ನು ಹಿಡಿದು ಬಂದರು. ಊರಿನಲ್ಲಿ ತಾವು ಹುಡುಗನಾಗಿದ್ದಾಗ ಮಾಡುತ್ತಿದ್ದ ಗೂಡುದೀಪವನ್ನು ಮಾಡಿ ತೋರಿಸುತ್ತೇನೆಂದರು. ಇಲ್ಲಿಯವರು ಅದನ್ನೇ ಆಕಾಶಕಂದೀಲು ಎನ್ನುತ್ತಾರೆ. ಎಂಟು ಮೂಲೆಯ ಚೌಕಟ್ಟನ್ನು ದಾರದಿಂದ ಬಿಗಿದದ್ದಾಯಿತು, ಮೈದಾ ಹಿಟ್ಟಿನ ಅಂಟು ಕಾಯಿಸಿದ್ದಾಯಿತು. ಅಂಟಿಸುವುದಕ್ಕೆ ಬಣ್ಣದ ಪಟದ ಕಾಗದವೆಲ್ಲಿ ಎಂದು ನಾನು ಕೇಳಿದೆ. ಅವರು ಪೆಟ್ಟಿಗೆಯಿಂದ ಆ 22 ಹಾಳೆಗಳನ್ನು ಹೊರತೆಗೆದರು! ನಕಲು ಮಾಡಿದ ಮೇಲೂ ಅವನ್ನು ಎಸೆದಿರಲಿಲ್ಲ.

ಎಣ್ಣೆ ಕುಡಿದ ಕಾಗದ ಬೆಳಕನ್ನು ಒಳಗಿನಿಂದ ಹೊರಗೆ ಬಿಡುತ್ತದೆ. ಲೆಕ್ಕವನ್ನು ಕೆಡಿಸಿದ ಎಣ್ಣೆಯೇ ಕಂದೀಲಿಗೆ ಒದಗಿ ಬಂತು. ಎಣ್ಣೆಯ ಕಾಗದದೊಳಗೆ ಹಣತೆ ಇಡುವುದು ಅಪಾಯವೆಂದು ತಂದೆಯವರು ಸಣ್ಣ ವಿದ್ಯುದ್ದೀಪವೊಂದನ್ನು ಕಾಗದಕ್ಕೆ ತಾಗದಂತೆ ನಡುವೆ ಇಳಿಬಿಟ್ಟರು. ನೀವು ಮಾಡುವಾಗಲೂ ಬೆಂಕಿಯ ದೀಪ ಬೇಡ; ಈಗ ಬಿಸಿಯೇರದ ಎಲ್‌ಇಡಿ ದೀಪಗಳು ಅಂಗಡಿಯಲ್ಲಿ ಸಿಗುತ್ತವೆ. ಗುಂಡಿ ಒತ್ತಿದೊಡನೆ ಗ್ಯಾಲರಿಯ ಮೂಲೆಯಲ್ಲಿ ಹೊಂಬಣ್ಣದ ಬೆಳಕಿನ ನಡುವೆ ಕಪ್ಪು ಬಾದಾಮಿ ಎಲೆಗಳು ತೂಗಾಡಿದವು. ಚಾಳಿನವರೆಲ್ಲ ಕೆಳಗೆ ನೆರೆದರು. ಎಲೆಗಳ ಹಿಂದೆ ತಂದೆಯವರ ಕೈಬರಹವೂ ಅಷ್ಟೇ ಸ್ಪಷ್ಟವಾಗಿ ಹೊಳೆಯುತ್ತಿತ್ತು. ಎದುರು ಮಹಡಿಯಿಂದ ಯಾರೋ ಗಟ್ಟಿಯಾಗಿ ಓದತೊಡಗಿದರು: “ಊಟ ಇಪ್ಪತ್ತೆಂಟು, ಬಾಕಿ ಒಂಬತ್ತು ರೂಪಾಯಿ!” ತಂದೆಯವರು ನಕ್ಕ ನಗೆಗೆ ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಹೆಸರುಗಳು ಕಾಣುವ ಭಾಗಕ್ಕೆಲ್ಲ ಅಂಚಿನ ಪಟ್ಟಿ ಅಂಟಿಸಿ ಮುಚ್ಚಿದರು. ಬಾಕಿ ಉಳಿಸಿಕೊಂಡವರಿಗೂ ಮಾನವಿದೆಯಲ್ಲವೆ?

ಬೇರೆ ಕೆಲವು ಆಟಗಳನ್ನೂ ಮುಂದೆ ಕಲಿತೆ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣದಲ್ಲಿ ಒತ್ತಿದರೆ ಐದು ಮೂಲೆಯ ಹೂವು, ಈರುಳ್ಳಿಯ ಅರ್ಧದಿಂದ ವರ್ತುಲದೊಳಗೆ ವರ್ತುಲ; ಇವುಗಳಿಂದ ಪುಸ್ತಕದ ಹೊದಿಕೆ, ಲಕೋಟೆ, ಹಬ್ಬದ ಶುಭಾಶಯ ಪತ್ರಗಳನ್ನು ಸಿಂಗರಿಸಬಹುದು. ಅರಳಿ ಎಲೆಯನ್ನು ಕೆಲವು ವಾರ ನೀರಿನಲ್ಲಿ ನೆನೆಯಿಟ್ಟರೆ ಮಾಂಸಲ ಭಾಗವೆಲ್ಲ ಕೊಳೆತು ನರಗಳ ಜಾಲರಿ ಮಾತ್ರ ಉಳಿಯುತ್ತದೆ. ಆದರೆ ಅದರ ದುರ್ಗಂಧ ಒಂದು ಖೋಲಿಯ ಮನೆಗೆ ತಕ್ಕುದಲ್ಲ. ನಮ್ಮಮ್ಮ ಆ ಡಬ್ಬಿಯನ್ನು ಮೂರನೆಯ ದಿನವೇ ಮೋರಿಗೆ ಸುರಿದರು, ನಾನು ಅವರನ್ನು ದೂರುವುದಿಲ್ಲ.

ಈ ವಿದ್ಯೆಯನ್ನು ನಾನೂ ನಮ್ಮ ಅಜ್ಜಿಯೂ ಸೇರಿ ಕಂಡುಹಿಡಿದೆವೆಂದೇ ಬಹುಕಾಲ ತಿಳಿದಿದ್ದೆ. ದೊಡ್ಡವನಾಗಿ ಗ್ರಂಥಾಲಯಗಳಿಗೆ ಹೋಗಿಬರುವಂತಾದ ಮೇಲೆ ನನ್ನ ಹೆಮ್ಮೆ ಇಳಿಯಿತು. ಸುಮಾರು 500 ವರ್ಷಗಳ ಹಿಂದೆಯೇ ಇಟಲಿಯ ಲಿಯೊನಾರ್ಡೊ ದ ವಿಂಚಿ ತನ್ನ ಟಿಪ್ಪಣಿಯ ಪುಟವೊಂದರ ಮೇಲೆ ಸೇಜ್ ಗಿಡದ ಎಲೆಯ ಅಚ್ಚು ತೆಗೆದು, ದೀಪದ ಮಸಿಯನ್ನು ಬಳಸುವ ಬಗೆಯನ್ನೂ ಬರೆದಿಟ್ಟಿದ್ದನು. ವಿಯೆನ್ನಾದ ಆಯರ್ ಎಂಬ ಮುದ್ರಕನು 1852ರಲ್ಲಿ, ಗಿಡವನ್ನು ಉಕ್ಕಿನ ಮತ್ತು ಸೀಸದ ತಗಡುಗಳ ನಡುವೆ ಒತ್ತಿ, ಮೆದುವಾದ ಸೀಸದಲ್ಲಿ ಮೂಡಿದ ಗುರುತಿನಿಂದ ತಾಮ್ರದ ಅಚ್ಚನ್ನು ಎರಕ ತೆಗೆದಂತೆ ವಿದ್ಯುತ್ತಿನಿಂದ ಪಡೆಯುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಲಂಡನ್ನಿನ ಬ್ರ್ಯಾಡ್‌ಬರಿ ಅದೇ ಬಗೆಯಲ್ಲಿ ಬ್ರಿಟನ್ನಿನ ಜರೀಗಿಡಗಳ ದೊಡ್ಡ ಗ್ರಂಥವನ್ನು 1855ರಲ್ಲಿ ಮುದ್ರಿಸಿದನು.

ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ ಸಂಗತಿ ನಮ್ಮೂರಿನ ದಿಕ್ಕಿನಿಂದಲೇ ಬಂತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರೆಂದೂ, 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಅಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾಯಿತೆಂದೂ, ಕಿಟೆಲರ ಶಬ್ದಕೋಶ 1894ರಲ್ಲಿ ಅಲ್ಲಿಂದಲೇ ಹೊರಬಂದಿತೆಂದೂ ನೀವು ಪಾಠದಲ್ಲಿ ಓದಿರಬಹುದು. ಅದೇ ಮುದ್ರಣಾಲಯದಿಂದ 1862ರಲ್ಲಿ ಹುಂಜಿಕರ್ ಎಂಬವರು ದಕ್ಷಿಣ ಭಾರತದ ಉಪಯುಕ್ತ ಹಾಗೂ ಅಲಂಕಾರದ ಸಸ್ಯಗಳ ಒಂದು ಗ್ರಂಥವನ್ನು ಹೊರತಂದರು. ಅದರ ಚಿತ್ರಗಳನ್ನು ಕಲಾವಿದರು ಬರೆದುದಲ್ಲ. ಹಸಿ ಗಿಡಗಳಿಂದಲೇ ಅವುಗಳ ಸಹಜ ಬಣ್ಣದಲ್ಲಿ ಅಚ್ಚು ತೆಗೆದುದು. ಗ್ರಂಥದ ಹೆಸರೇ ‘ಪ್ರಕೃತಿಯ ಸ್ವಯಂಮುದ್ರಣ’ ಎಂಬರ್ಥದ್ದು. ಇಲ್ಲಿ ಮುಂಬಯಿಯಲ್ಲಿ ರಾಣೀಬಾಗು ಜನರಿಗೆ ತೆರೆದುದೂ ಅದೇ 1862ರಲ್ಲಿ. ಅಜ್ಜಿಯ ತವರಿನಿಂದ ಕೂಗಳತೆಯೆನ್ನಬಹುದಾದ ಊರಿನಲ್ಲಿ, ಅವರು ಹುಟ್ಟುವುದಕ್ಕೂ ಬಹಳ ಮುಂಚೆ ನಡೆದ ಈ ಕೆಲಸದ ಸುದ್ದಿಯನ್ನು ಅವರಿಗೆ ತಿಳಿಸಬೇಕೆಂದು ನನಗೆ ಆಸೆಯಾಯಿತು. ಆಗ ಅವರಿರಲಿಲ್ಲ.

ಕಂದೀಲಿಗೆ 21 ಹಾಳೆಗಳು ಸಾಕಾಗಿದ್ದವು. ಅಂಕಿ ಕಾಣದೆ ಉಳಿದ ಇಪ್ಪತ್ತೆರಡನೆಯ ಹಾಳೆಯನ್ನು ನಾನು ಕೇಳಿ ಇಟ್ಟುಕೊಂಡೆ. ಮುಂದೆ ನಾವು ಪರೇಲನ್ನು ಬಿಟ್ಟು ಕಲೀನಾದ ನೆಲಮಾಳಿಗೆಯ ಮನೆಗೆ ಬಂದಾಗಲೂ ಅದು ನನ್ನ ಟ್ರಂಕಿನಲ್ಲಿತ್ತು. ತಂದೆಯವರು ತೀರಿಹೋದ ಮೇಲೆ ಅವರ ಕೈಬರಹವೆಂದು ಉಳಿದುದು ಕೆಲವು ಪತ್ರಗಳು ಮತ್ತು ಆ ಒಂದು ಹಾಳೆ. 2005ನೆಯ ಇಸವಿಯ ಜುಲೈ 26ರಂದು ಸುರಿದ ಮಳೆಯನ್ನು ನಿಮ್ಮ ತಂದೆತಾಯಿಗಳು ಮರೆತಿರಲಾರರು. ಸಾಂತಾಕ್ರೂಜಿನಲ್ಲಿ ಒಂದು ಹಗಲು ರಾತ್ರಿಯಲ್ಲಿ 944 ಮಿಲಿಮೀಟರು. ನಮ್ಮ ಮನೆಯೊಳಗೆ ಎದೆಮಟ್ಟದ ನೀರು ನಿಂತಿತು. ಮಂಚದ ಕೆಳಗಿದ್ದ ಟ್ರಂಕು ರಾತ್ರಿಯೆಲ್ಲ ಮುಳುಗಿತ್ತು.

ನೀರಿಳಿದ ಮೇಲೆ ತೆರೆದು ನೋಡಿದೆನು. ಜಲವರ್ಣದಿಂದ ತೆಗೆದ ನನ್ನ ಅಚ್ಚುಗಳೆಲ್ಲ ಕರಗಿ ಬಣ್ಣದ ಕೆಸರಾಗಿದ್ದವು. ಪತ್ರಗಳು ಮುದ್ದೆಯಾಗಿದ್ದವು. ಇಪ್ಪತ್ತೆರಡನೆಯ ಹಾಳೆಯನ್ನು ಎರಡು ಅಂಗೈಗಳ ಮೇಲೆ ಎತ್ತಿ, ಹಳೆಯ ವರ್ತಮಾನಪತ್ರಿಕೆಗಳ ನಡುವೆ ಇಟ್ಟು, ಮೂರು ದಿನ ಪತ್ರಿಕೆ ಬದಲಾಯಿಸುತ್ತ ಒಣಗಿಸಿದೆ. ಶಾಯಿಯ ಬರಹ ತೊಳೆದುಹೋಗಿತ್ತು. ಒಂದು ಅಂಕಿಯೂ, ಒಂದು ಅಕ್ಷರವೂ ಉಳಿದಿರಲಿಲ್ಲ. ದೀಪದ ಮಸಿಗೂ ತೆಂಗಿನೆಣ್ಣೆಗೂ ನೀರು ಏನನ್ನೂ ಮಾಡಿರಲಿಲ್ಲ. ಎಲೆ ಇದ್ದಂತೆಯೇ ಇತ್ತು. ಬಾಕಿಯ ಸಾಲನ್ನು ಮುಚ್ಚಿದ್ದ ನಡುದಿಂಡು ಈಗ ಯಾವ ಸಾಲನ್ನೂ ಮುಚ್ಚದೆ ಬರಿಯ ಕಾಗದದ ಮೇಲೆ ನಿಂತಿತ್ತು.

ಪರೇಲಿನ ಚಾಳು ಈಗಿಲ್ಲ. ಅದನ್ನು ಕೆಡವಿ ಎತ್ತರದ ಕಟ್ಟಡ ಕಟ್ಟಿದಾಗ ಬಾದಾಮಿಯ ಮರವನ್ನೂ ಕಡಿದರು. ಕಳೆದ ಮಳೆಗಾಲದಲ್ಲಿ ಮೊಮ್ಮಗಳು ಆ ಹಾಳೆಯನ್ನು ನೋಡಿ ಇದು ಯಾವ ಎಲೆ ಎಂದು ಕೇಳಿದಳು. ಹೇಳಿದೆ. ಅವಳು ಹೆಸರನ್ನು ಕೆಳಗೆ ಬರೆದಿಡುತ್ತೇನೆಂದು ಪೆನ್ನು ತಂದಳು. ನಾನು ಪೆನ್ನನ್ನು ತೆಗೆದಿಟ್ಟು ಅವಳ ಕೈಗೆ ಪೆನ್ಸಿಲು ಕೊಟ್ಟೆ. ಪೆನ್ಸಿಲಿನ ಬರಹ ನೀರಿಗೆ ಕರಗುವುದಿಲ್ಲ. ಅವಳು ಗುಂಡಗೆ ‘ಕಾಡುಬಾದಾಮಿ, ಪರೇಲ್, 1963’ ಎಂದು ಬರೆದಳು.